ಮೂರು ಊರಿನ ಬಾರುಗಳ ಗುಣನಡತೆ ಪರಿಶೀಲನೆ

ನನಗೆ ವಹಿಸಿದ ಯಾವ ವಿಚಾರಣೆಯೂ ಇಲ್ಲಿಯವರೆಗೆ ಅಪೂರ್ಣವಾಗಿ ಉಳಿದಿಲ್ಲವೆಂಬುದನ್ನು ಮಾನ್ಯ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಗೋಕಾಕದ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪತ್ರಗಳ ಕರಡು ಬರೆಯುತ್ತಿರುವವನು ನಾನು. ಕಳೆದುಹೋದ ಕಡತ, ಬಿದ್ದುಹೋದ ಕಂಪೌಂಡು, ಹೇಳದೆ ಕೇಳದೆ ರಜೆ ಹೋದ ಜವಾನ, ಎಲ್ಲದರ ವಿಚಾರಣೆಗೂ ನನ್ನ ಕರಡೇ ಆಧಾರ. ಆದ್ದರಿಂದ ಕಸ್ತೂರಕ್ಕ ತನ್ನ ಮಗಳಿಗೆ ಬಂದ ಸಂಬಂಧದ ತಪಾಸವನ್ನು ನನಗೆ ವಹಿಸಿದಾಗ ನಾನು ಎಳ್ಳಷ್ಟೂ ಅಂಜಲಿಲ್ಲ.

ಅಂಜಬೇಕಾಗಿತ್ತು.

ಪ್ರಕರಣದ ಸಂಕ್ಷಿಪ್ತ ವಿವರ ಹೀಗಿದೆ. ಅಕ್ಕ ಇರುವುದು ಕೊಣ್ಣೂರಿನಲ್ಲಿ. ಮಗಳು ಸುಜಾತಾ ಅಲ್ಲಿಯೇ ಶಾಲೆಯಲ್ಲಿ ಶಿಕ್ಷಕಿ. ವರ ಮಹಾಂತೇಶ ಮೂಲತಃ ಹುಕ್ಕೇರಿಯವನು. ಈಗ ಮೂಡಲಗಿಯ ಕಡೆ ದನದ ಡಾಕ್ಟರ. ಅದಕ್ಕೂ ಮೊದಲು ಎರಡು ವರ್ಷ ಗೋಕಾಕದಲ್ಲಿದ್ದವನು. ಹುಡುಗನೂ ಅವನ ತಾಯಿಯೂ ಬಂದು ಹುಡುಗಿಯನ್ನು ನೋಡಿ, ಎಲ್ಲರೂ ಒಪ್ಪಿದ್ದರು. ಅಂದು ನಾನು ಕಚೇರಿಯ ಕೆಲಸದ ಮೇಲೆ ಬೆಳಗಾವಿಗೆ ಹೋಗಿದ್ದೆ. ಹುಡುಗನ ಮನೆಯ ಹಿರಿಯರಾದ ಅವನ ದೊಡ್ಡಪ್ಪನವರೂ ಬಂದಿರಲಿಲ್ಲವಂತೆ. ಉಳಿದದ್ದು ಎರಡೂ ಕಡೆಯ ಹಿರಿಯರ ತಪಾಸ ಮಾತ್ರ.

ನಮ್ಮ ಭಾವನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಕಾರಣ ಊರಿಗೆಲ್ಲ ಗೊತ್ತಿದೆ. ಬಾಟಲಿ.

"ನೋಡೋ ತಮ್ಮಾ," ಎಂದಳು ಅಕ್ಕ, "ಹುಡುಗ ಕರ್ರಗ ಇರ್ಲಿ, ಕುಳ್ಳ ಇರ್ಲಿ, ಮೂಗ ಸೊಟ್ಟ ಇರ್ಲಿ, ನಡೀತೈತಿ. ಬಾಯಾಗ ವಾಸನಿ ಬರಬಾರ್ದು. ನನ್ನಂಗ ನನ್ನ ಮಗಳು ಬಾಗಲಾಗ ಹಾದಿ ಕಾಯ್ಕೋತ ಕುಂದರಬಾರ್ದು."

ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನು ಮಾತು ಕೊಟ್ಟೆ.

ನಮ್ಮ ಕಡೆ ಸಂಬಂಧ ಗಟ್ಟಿಯಾಗುವವರೆಗೆ ಅದರ ಸುದ್ದಿಯನ್ನು ಹೊರಗೆ ಬಿಡುವುದಿಲ್ಲ. ಬಿಟ್ಟರೆ ಮುರಿಯುವವರು ತಯಾರಿರುತ್ತಾರೆ. ಆದ್ದರಿಂದ ತಪಾಸ ಮಾಡುವವನು ತಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂಬೆರಡನ್ನೂ ಮುಚ್ಚಿಟ್ಟೇ ಕೇಳತಕ್ಕದ್ದು. ನೆರೆಹೊರೆಯವರನ್ನು ಕೇಳಿ ಪ್ರಯೋಜನವಿಲ್ಲ. ಮದುವೆ ಊಟದ ಆಸೆಯಿದ್ದವರು ಹೊಗಳುತ್ತಾರೆ, ಹೊಲದ ಬದುವಿನ ಜಗಳವಿದ್ದವರು ತೆಗಳುತ್ತಾರೆ. ಕುಡಿಯುವವನ ಖರೆ ದಾಖಲೆ ಇರುವುದು ಬಾರಿನಲ್ಲಿ. ಆದರೆ ಬಾರಿನ ಮಾತನ್ನಾದರೂ ನಂಬುವುದು ಹೇಗೆ? ಸಾಕ್ಷಿಯ ಹೇಳಿಕೆಯನ್ನು ಸ್ವೀಕರಿಸುವ ಮುನ್ನ ಸಾಕ್ಷಿಯ ಗುಣನಡತೆಯನ್ನು ಪರಿಶೀಲಿಸತಕ್ಕದ್ದು! ಹೀಗೆ ತರ್ಕಿಸಿ, ಮೊದಲು ಬಾರುಗಳ ಗುಣನಡತೆ, ತದನಂತರ ವರನದು ಎಂದು ನಿರ್ಣಯಿಸಿ, ಹಾಳೆಗೆ ಗೆರೆ ಹೊಡೆದು ಒಂದು ನಮೂನೆ ಸಿದ್ಧಪಡಿಸಿದೆ. ಸ್ವಚ್ಛತೆ, ಶಿಸ್ತು, ಗಿರಾಕಿಗಳ ನಡವಳಿಕೆ, ಷರಾ.

ನನ್ನ ಹೆಂಡತಿ ಶಾಂತಾ ನಮೂನೆಯನ್ನು ಓದಿ ಸೊಂಟದ ಮೇಲೆ ಕೈಯಿಟ್ಟಳು.

"ಕುಡಿಯೂ ಮಂದಿನ್ನ ಹುಡುಕಾಕ ನೀವು ಬಾರಿಗೆ ಹೊಂಟೀರಿ?"

"ಇದು ಅಧಿಕೃತ ತಪಾಸಣೆ, ಶಾಂತಾ."

"ಆತು ಹೋಗ್ರಿ. ಕೆಸರಾಗ ಇಳ್ಯಾವ್ರು ನೀವು, ಅಂಗಿ ತೊಳ್ಯಾಕಿ ನಾನು."

ಮೊದಲನೆಯದು ಹುಕ್ಕೇರಿ. ಮುಂಜಾನೆ ಹನ್ನೊಂದಕ್ಕೆ ಬಗಲಲ್ಲಿ ಕಡತ, ಕಿಸೆಯಲ್ಲಿ ಪೆನ್ನು ಮತ್ತು ವರನ ಫೋಟೋ ಸಮೇತ ಬಾರಿನ ಮುಂದೆ ಹಾಜರಾದೆ. ಜೀವನದಲ್ಲಿ ಬಾರಿನ ಬಾಗಿಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಬಾಗಿಲು ಬಡಿದೆ.

"ಒಳಗೆ ಬರಬಹುದೇ?"

"ಬರ್ರಿ!" ಎಂದರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಮ್ಯಾನೇಜರು. "ಇಲ್ಲಿ ಬರಾಕ ಪರವಾನಗಿ ಕೇಳಿದವ್ರು ನೀವ ಮೊದಲನೇದವ್ರು."

ಆ ಬಾರಿನ ಗುಣವೆಂದರೆ ಅದು ಹಳೆಯ ಕಾಲದ ಸಾಲಿ ಇದ್ದ ಹಾಗೆ. ಗಿರಾಕಿಗಳು ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು. ಮ್ಯಾನೇಜರು ಹೆಡ್ ಮಾಸ್ತರು.

"ಏ ಬಸಪ್ಪಾ, ಎರಡ ಆತು. ಏಳು, ಮನಿಗಿ ಹೋಗು. ನಿನ್ನಿ ನಿನ್ನ ಹೆಂಡ್ತಿ ಬಂದು ನನಗ ಬೈದು ಹೋಗ್ಯಾಳ."

"ಅರ್ಧಾ ಕೊಡ್ರಿ ಸರ್…"

"ಕೊಡೂದಿಲ್ಲ!"

ಬಸಪ್ಪ ಕೈಕಟ್ಟಿಕೊಂಡು ಎದ್ದ. ನನಗೆ ಕಣ್ಣು ತುಂಬಿ ಬಂತು. ನಮ್ಮ ಕಚೇರಿಯಲ್ಲಿ ಇಂಥ ಶಿಸ್ತನ್ನು ನಾನು ಕಂಡಿಲ್ಲ. ಒಂದು ಸೋಡಾ ತರಿಸಲು ಹೇಳಿದೆ.

"ಸೋಡಾದ ಜೋಡಿ ಏನ್ರಿ?"

"ಸೋಡಾ ಮಾತ್ರ," ಎಂದು ಕಡತ ಬಿಚ್ಚಿ ಪೆನ್ನಿನ ಟೊಪ್ಪಿಗೆ ತೆಗೆದೆ.

ಮ್ಯಾನೇಜರ ಮುಖದ ಕಳೆಯೇ ಬದಲಾಯಿತು. ನನ್ನ ಟೇಬಲನ್ನು ಎರಡು ಸಲ ಒರೆಸಿದರು. ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದರು. ಗೋಡೆಯ ಮೇಲಿನ ಲೈಸೆನ್ಸನ್ನು ಮೊಳೆಯಿಂದ ಇಳಿಸಿ, ಧೂಳು ಊದಿ, ನನ್ನ ಮುಂದೆ ಇಟ್ಟರು. ಗಿರಾಕಿಗಳು ಒಬ್ಬೊಬ್ಬರಾಗಿ ಏಳತೊಡಗಿದರು. "ಸ್ವಚ್ಛತೆ: ಅತ್ಯುತ್ತಮ. ವಿನಯ: ಅನುಕರಣೀಯ," ಎಂದು ಬರೆದುಕೊಂಡು ಫೋಟೋ ತೋರಿಸಿದೆ.

"ಇಂವಾ ಗೊತ್ತಿಲ್ರಿ. ಇಂವಷ್ಟ ಅಲ್ರಿ ಸಾಹೇಬ್ರ, ನಮ್ಮಲ್ಲಿ ಯಾರೂ ಬರೂದ ಇಲ್ರಿ."

"ಹೌದ್ರಿ," ಎಂದ ಬಾಗಿಲಲ್ಲಿ ನಿಂತಿದ್ದ ಬಸಪ್ಪ. "ನಾನೂ ಬರೂದಿಲ್ರಿ!"

ಹೊರಡುವಾಗ ಮ್ಯಾನೇಜರು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದು, "ಅಬಕಾರಿ ಸಾಹೇಬ್ರು ನಮ್ಮ ಮ್ಯಾಲ ದಯಾ ಇಡಬೇಕ್ರಿ," ಎಂದು ಕೈಮುಗಿದಾಗಲೇ ನನಗೆ ವಸ್ತುಸ್ಥಿತಿ ಮನವರಿಕೆಯಾಯಿತು.

ಸದರಿ ಲೋಪವನ್ನು ಮೂಡಲಗಿಯಲ್ಲಿ ಸರಿಪಡಿಸಿಕೊಂಡೆ. ಕಡತವನ್ನು ಮನೆಯಲ್ಲಿ ಬಿಟ್ಟು, ಹಳೆಯ ಅಂಗಿ ತೊಟ್ಟು, ಹೆಗಲಿಗೆ ಟಾವೆಲ್ ಹಾಕಿಕೊಂಡೆ. ಸೋಡಾ ಕೇಳಿದರೆ ಸಂಶಯ ಬರುವುದರಿಂದ ಬಿಯರನ್ನೇ ತರಿಸಿದೆ. ಕುಡಿಯಬೇಕಾಗಿಲ್ಲ, ಮುಂದೆ ಇಟ್ಟುಕೊಂಡರೆ ಸಾಕು ಎಂಬುದು ನನ್ನ ಯೋಜನೆಯಾಗಿತ್ತು.

ಮೂಡಲಗಿಯ ಬಾರಿನ ಗುಣ ಮದುವೆ ಮನೆಯದು. ಪತ್ರಾಸ್ ತಗಡಿನ ಮಾಡು, ಹಿಂದೆ ಬೇವಿನ ಗಿಡ, ಎಲ್ಲರ ಬಾಯಲ್ಲೂ ಮಾವ, ಅಳಿಯ, ಕಾಕಾ. ನನ್ನ ಬಾಜೂ ಕುಳಿತಿದ್ದ ದಪ್ಪ ಮೀಸೆಯ ಕಾಕಾನನ್ನು ಕೇಳಿದೆ: "ಇಲ್ಲಿ ಜಗಳಾ ಆಗೂದಿಲ್ಲೇನ್ರಿ?"

"ಆಗ್ತಾವ್ರಿ. ಆದ್ರ ಎಲ್ಲಾರೂ ಬೀಗರು ನೋಡ್ರಿ, ಬಡಿಗಿ ತಗೊಳ್ಳೂದಿಲ್ಲ. ಬರೇ ಹಳೇ ಮಾತ ತಗೀತೀವಿ."

ಎಲ್ಲರೂ ನನ್ನ ಗ್ಲಾಸನ್ನೇ ನೋಡುತ್ತಿದ್ದರು. ಸುರಿಯದೆ ಗತ್ಯಂತರವಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ವಿಧಾನ. ಬಾಟಲಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಮೇಲಿನಿಂದ ಸುರಿದೆ.

"ಅಣ್ಣಾರ! ಅದು ಚಾ ಅಲ್ರಿ!"

ಕಾಕಾ ಎಚ್ಚರಿಸುವಷ್ಟರಲ್ಲಿ ನೊರೆ ಗ್ಲಾಸು ದಾಟಿ, ಟೇಬಲು ದಾಟಿ, ನನ್ನ ಅಂಗಿಯನ್ನು ಕಿಸೆಯ ಸಮೇತ ತೋಯಿಸಿತ್ತು. ವರನ ಫೋಟೋ ತೆಗೆದು ಟಾವೆಲಿನಿಂದ ಒರೆಸುತ್ತ ತೋರಿಸಿದೆ.

"ಅಯ್ಯ, ನಮ್ಮ ಡಾಕ್ಟ್ರು! ಅವರು ಇಲ್ಲಿಗ್ಯಾಕ ಬರ್ತಾರ್ರಿ? ಎಮ್ಮಿ ಈಯೂ ಮುಂದ ಕರ್ಯಾಕ ಹೋದ್ರ, ನನ್ನ ಬಾಯಿ ವಾಸನಿಗೆ ಹತ್ತ ಮಾರು ದೂರ ನಿಂತು ಮಾತಾಡಿದ್ರು." ಇಷ್ಟು ಹೇಳಿ, ಉಳಿದ ಬಿಯರು ಹಾಳಾಗಬಾರದೆಂದು ಕಾಕಾ ತಾವೇ ಮುಗಿಸಿದರು. ಅತ್ಯಂತ ನಂಬಲರ್ಹ ಸಾಕ್ಷಿ! ಒರೆಸಿದ್ದರಿಂದ ಫೋಟೋದಲ್ಲಿ ವರನ ಮುಖ ಅಳಿಸಿ ಕಿವಿಗಳು ಮಾತ್ರ ಉಳಿದವು.

ಮರಳುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸಿಕ್ಕಿದ್ದು ಅಕ್ಕನ ಎದುರು ಮನೆಯ ನೀಲವ್ವನಿಗೆ. ಕುಳಿತವಳು ಎರಡು ಸಲ ಮೂಗು ಸೇದಿ, ಸೆರಗು ಅಡ್ಡ ಹಿಡಿದಳು.

"ಏನ್ ನೀಲವ್ವಾ, ಆರಾಮ?"

"ನಾ ಆರಾಮ ಅದೇನ್ರಿ. ನೀವು ಆರಾಮ ಮನಿ ಮುಟ್ರಿ," ಎಂದು ಎದ್ದು ಕಂಡಕ್ಟರನ ಹತ್ತಿರ ಹೋಗಿ ನಿಂತಳು.

"ಎರಡು ಊರು ಆತಲ್ಲ, ಸಾಕ ಮಾಡ್ರಿ," ಎಂದಳು ಶಾಂತಾ ಅಂಗಿ ನೆನೆಹಾಕುತ್ತ. ಮೂರನೆಯ ಸಾಕ್ಷಿಯಿಲ್ಲದೆ ಕಡತ ಮುಕ್ತಾಯವಾಗುವುದಿಲ್ಲವೆಂದು ನಾನು ತಿಳಿಸಿದೆ. ಆ ಒಂದು ವಾಕ್ಯವನ್ನು ಹಿಂಪಡೆಯಲು ಅವಕಾಶವಿದ್ದರೆ ಇಂದೇ ಅರ್ಜಿ ಸಲ್ಲಿಸುತ್ತೇನೆ.

ಗೋಕಾಕದ ಬಾರು ಸರಕಾರಿ ಕಚೇರಿಯ ಸ್ವಭಾವದ್ದು. ಮಬ್ಬು ಬೆಳಕು, ಎಲ್ಲರಿಗೂ ಎಲ್ಲರ ಪರಿಚಯವಿದ್ದರೂ ಯಾರೂ ಯಾರನ್ನೂ ಗುರುತಿಸುವುದಿಲ್ಲ. ನಮ್ಮ ಪಕ್ಕದ ವಿಭಾಗದವರೊಬ್ಬರು ನನ್ನನ್ನು ಕಂಡೊಡನೆ ಗೋಡೆಯ ಕ್ಯಾಲೆಂಡರು ಓದತೊಡಗಿದರು. ಅದು ಹಿಂದಿನ ವರ್ಷದ್ದು. ಖಾಲಿಯಿದ್ದದ್ದು ಒಂದೇ ಕುರ್ಚಿ. ಎದುರಿಗೆ ಬಿಳಿ ಟೊಪ್ಪಿಗೆ, ದೋತರದ ಹಿರಿಯರೊಬ್ಬರು. ಅವರ ಗ್ಲಾಸಿನಲ್ಲಿ ಬಣ್ಣವಿಲ್ಲದ, ಗುಳ್ಳೆ ಏಳುತ್ತಿದ್ದ ದ್ರವ. ಬಣ್ಣವಿಲ್ಲದ ಮದ್ಯವೂ ಉಂಟೆಂದು ಕೇಳಿದ್ದೆ. ನನ್ನ ಗ್ಲಾಸಿನಲ್ಲಿದ್ದದ್ದು ಸೋಡಾ. ಮಾತಿಗೆ ಎಳೆದವರು ಅವರೇ.

"ನಾನು ಶಿವಪ್ಪ ಅಂತ. ಎಮ್ಮಿ ವ್ಯಾಪಾರ."

"ನಾನು ರಾಮಪ್ಪ. ಬೆಲ್ಲದ ವ್ಯಾಪಾರ." ನನ್ನ ಹೆಸರು ರಾಮಪ್ಪನಲ್ಲ. ಮುಚ್ಚಿಡತಕ್ಕದ್ದೆಂದು ಈಗಾಗಲೇ ವಿವರಿಸಿದ್ದೇನೆ.

"ದಿನಾ ಬರ್ತೀರೇನ್ರಿ?"

ಹೌದೆನ್ನದಿದ್ದರೆ ಇಂಥವರು ಮನಸ್ಸು ಬಿಚ್ಚುವುದಿಲ್ಲ. "ದಿನಾ. ಇಪ್ಪತ್ತು ವರ್ಷ ಆತು ನೋಡ್ರಿ. ನೀವು?"

"ಮೂವತ್ತು," ಎಂದರು. "ಮನ್ಯಾಗ ಅಂತಾರು. ಕೇಳಾವ್ರ್ಯಾರು?"

"ಕೇಳಬಾರದ್ರಿ."

"ನಾನಂತೂ ಮುಂಜಾನಿ ಹಲ್ಲು ತಿಕ್ಕೂಕಿಂತ ಮೊದಲ ಒಂದು ಹಾಕ್ತೇನಿ."

ಸೋಲುವುದು ನನ್ನ ಸ್ವಭಾವವಲ್ಲ. "ನಾನು ಹಲ್ಲು ತಿಕ್ಕೂದ ಅದರಾಗರೀ!"

ಅವರು ನನ್ನನ್ನು ಬೆರಗಿನಿಂದ ನೋಡಿ, ಕಿಸೆಯಿಂದ ಸಣ್ಣ ನೋಟ್‌ಬುಕ್ಕು ತೆಗೆದು ಏನನ್ನೋ ಬರೆದುಕೊಂಡರು. ನಾನೂ ನನ್ನ ನೋಟ್‌ಬುಕ್ಕು ತೆಗೆದು ಬರೆದುಕೊಂಡೆ. ಬಾರಿನಲ್ಲಿ ಇಬ್ಬರು ಎದುರುಬದುರು ಕುಳಿತು ಬರೆಯುತ್ತಿರುವುದು ವಿಚಿತ್ರವೆಂದು ನನಗೆ ಆಗ ಹೊಳೆಯಲಿಲ್ಲ. ಅವರು ಎದ್ದು ಹೋದ ಮೇಲೆ ಮ್ಯಾನೇಜರನ್ನು ಮೆಲ್ಲಗೆ ವಿಚಾರಿಸಿದೆ.

"ದನದ ಡಾಕ್ಟ್ರು? ಇಲ್ರಿ, ಎದುರಿನ ಅಂಗಡ್ಯಾಗ ಲಸ್ಸಿ ಕುಡೀತಿದ್ರು. ಒಂದಲ್ಲ, ಎರಡೆರಡು!"

ಮೂರೂ ಊರು ಒಮ್ಮತ! ಅಂದು ರಾತ್ರಿಯೇ ವರದಿಯ ಶುದ್ಧಪ್ರತಿ ತಯಾರಾಯಿತು.

ಮುಂದಿನ ರವಿವಾರ ಕೊಣ್ಣೂರಿನ ಅಕ್ಕನ ಮನೆಯಲ್ಲಿ ಮಾತುಕತೆ. ನಾನೂ ಶಾಂತಾಳೂ ಮೊದಲೇ ಹೋಗಿದ್ದೆವು. ನೀಲವ್ವ ಚಹಾಕ್ಕೆ ಕೈಜೋಡಿಸಲು ಬಂದಿದ್ದಳು. ವರ ಬಂದ, ಅವನ ತಾಯಿ ಬಂದರು. ಅವರ ಹಿಂದೆ ದೊಡ್ಡಪ್ಪನವರು ಹೊಸ್ತಿಲು ದಾಟಿ ಟೊಪ್ಪಿಗೆ ತೆಗೆದರು.

"ಶಿವಪ್ಪ!" ಎಂದೆ ನಾನು.

"ರಾಮಪ್ಪ!" ಎಂದರು ಅವರು.

"ಅವ್ರ ಹೆಸರು ಈರಪ್ಪ ಅಲ್ಲೇನೋ?" ಎಂದಳು ಅಕ್ಕ.

ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈರಪ್ಪನವರು ಪ್ರಾಮಾಣಿಕ ಮನುಷ್ಯ. "ಈ ಸಂಬಂಧ ಬ್ಯಾಡ! ಸೋದರಮಾವನ ಹಿಂಗಿದ್ರ ಹೆಂಗ? ಈ ಮನಷ್ಯಾ ಹಲ್ಲು ತಿಕ್ಕೂದ ಸೆರೇದಾಗ! ತಾನ ಹೇಳ್ಯಾನ!"

"ಇವರು ಮೂವತ್ತು ವರ್ಷದ ಗಿರಾಕಿ! ನನ್ನಲ್ಲಿ ಲಿಖಿತ ದಾಖಲೆ ಇದೆ!"

ಇಬ್ಬರೂ ನೋಟ್‌ಬುಕ್ಕು ತೆಗೆದು ಏಕಕಾಲಕ್ಕೆ ಓದತೊಡಗಿದೆವು.

"ನಾ ಸೋದರಮಾವನ ತಪಾಸಕ್ಕ ಹೋಗಿದ್ನಿ!" ಎಂದರು ಅವರು.

"ನಾನೂ ತಪಾಸಕ್ಕ!"

"ನಾ ಕುಡದದ್ದು ಸೋಡಾ!"

"ನಂದೂ ಸೋಡಾ!"

ವರನ ತಾಯಿ ತಣ್ಣಗೆ ಕೇಳಿದರು: "ಮೂವತ್ತು ವರ್ಷ ಬಾರಿಗೆ ಹೋಗಿ ಸೋಡಾ ಕುಡದ್ರೇನ್ರಿ ಭಾವಾರ?"

ನೀಲವ್ವ ಚಹಾದ ಕಪ್ಪು ಕೆಳಗಿಟ್ಟಳು. "ಅವ್ರದು ನನಗ ಗೊತ್ತಿಲ್ಲವಾ. ಇವ್ರ ಬಾಜೂ ಬಸ್ಸಿನಾಗ ಕುಂತು ನನಗ ಅಮಲ ಏರಿತ್ತು."

ನಾನು ಕೊನೆಯ ಆಸರೆಯತ್ತ ತಿರುಗಿದೆ. "ಶಾಂತಾ, ನೀನಾದ್ರೂ ಹೇಳು!"

"ಅಂಗಿ ತೊಳದಾಕಿ ನಾನ. ನನ್ನ ಏನೂ ಕೇಳಬ್ಯಾಡ್ರಿ."

ಅಕ್ಕ ಎದ್ದು ಹೋಗಿ ಬಾಗಿಲಿಗೆ ಒರಗಿ ನಿಂತಳು. "ಇಡೀ ಜೀವಮಾನ ಗಂಡನ್ನ ಬೈಕೋತ ಕುಂತ್ನಿ," ಎಂದಳು. "ಬೆನ್ನಿಗೆ ಬಿದ್ದ ತಮ್ಮನ್ನ ನೋಡಲೇ ಇಲ್ಲ."

ನಾನು ವರದಿ ಮಂಡಿಸಿದೆ. ವರ ನಿರ್ದೋಷಿ; ಮೂರು ಊರು, ಮೂರು ಬಾರು, ಒಂದೇ ಅಭಿಪ್ರಾಯ. ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಸಾಕ್ಷಿಯ ಗುಣನಡತೆ ಸರಿಯಿಲ್ಲದಿದ್ದರೆ ಹೇಳಿಕೆಯನ್ನು ಸ್ವೀಕರಿಸತಕ್ಕದ್ದಲ್ಲ. ನನ್ನದೇ ನಿಯಮ!

ಆಗ ಸುಜಾತಾ ಒಳಗಿನಿಂದ ಬಂದಳು. "ಅವ್ವಾ, ಲಗ್ನ ಇವರಿಬ್ಬರದಲ್ಲ. ಅವ್ರು ಕುಡಿಯೂದಿಲ್ಲ. ಮೊದಲನೇ ದಿವಸನ ಕೇಳಿದ್ನಿ, ಹೇಳಿದ್ರು."

"ಕೇಳಿದಿ?" ಎಂದೆ ನಾನು. "ನೇರವಾಗಿ?"

"ಹೂನ್ ಮಾಮಾ. ಬಾಯಿ ಐತೆಲ್ಲ."

"ನನಗ ಲಸ್ಸಿ ಚಟಾ ಐತ್ರಿ ಅತ್ತಿ," ಎಂದ ಮಹಾಂತೇಶ ತಲೆ ತಗ್ಗಿಸಿ. "ಅದೊಂದು ಖರೆ."

ಅಕ್ಕ ಬಾಗಿಲು ಬಿಟ್ಟು ಬಂದಳು. ಬಳಿಕ ಇಬ್ಬರು ತಾಯಂದಿರೂ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಹೊರಬಂದಾಗ ತೀರ್ಮಾನ ಸಿದ್ಧವಿತ್ತು. ಮಕ್ಕಳದು ತಪ್ಪಿಲ್ಲ, ಲಗ್ನ ನಡೆಯಲಿ. ಆದರೆ ಎರಡೂ ಮನೆಯ ಹಿರಿಯರು ದೇವರ ಜಗಲಿಯ ಮೇಲಿನ ಭಂಡಾರದ ಅರಿಷಿಣ ಮುಟ್ಟಿ ಆಣೆಯಿಟ್ಟು, ಇಂದೇ, ಈಗಲೇ ಕುಡಿತ ಬಿಡತಕ್ಕದ್ದು!

"ನಾನು ಕುಡಿಯೂದ ಇಲ್ಲ, ಬಿಡೂದು ಏನನ್ನು?" ಎಂದು ಪ್ರತಿಭಟಿಸಿದೆ.

ಶಾಂತಾ ಕಿವಿಯಲ್ಲಿ ಹೇಳಿದಳು: "ಬಿಡ್ತೇನಿ ಅಂದ್ರ ನಿಮ್ದೇನ ಹೋಗ್ತೈತ್ರಿ? ಹುಡುಗಿ ಮುಖಾ ನೋಡ್ರಿ."

ನೋಡಿದೆ. ಭಂಡಾರ ಹಿಡಿದೆ. "ಇನ್ನು ಮುಂದೆ ಮುಟ್ಟುವುದಿಲ್ಲ," ಎಂದೆ. ನನ್ನ ಹಿಂದೆಯೇ ಈರಪ್ಪನವರೂ ಹೇಳಿದರು. ಹೀಗೆ ಎಂದೂ ಕುಡಿಯದ ಇಬ್ಬರು ಒಂದೇ ಮುಹೂರ್ತದಲ್ಲಿ ಕುಡಿತ ಬಿಟ್ಟೆವು. ಅಕ್ಕ ಕಣ್ಣೊರೆಸಿಕೊಂಡು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು, ನನಗೆ ಒಂದು ಚಿಟಿಕೆ ಹೆಚ್ಚು.

ಲಗ್ನ ಚೆನ್ನಾಗಿ ಆಯಿತು. ನನ್ನ ಕೀರ್ತಿ ಅದಕ್ಕಿಂತ ಚೆನ್ನಾಗಿ ಹಬ್ಬಿತು. ಮೊನ್ನೆ ಕೊಣ್ಣೂರಿನ ಒಬ್ಬ ಹೆಣ್ಣುಮಗಳು ಗಂಡನ ರಟ್ಟೆ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. "ಕಾಕಾ, ಇಪ್ಪತ್ತು ವರ್ಷದ್ದನ್ನ ಒಂದ ದಿನಕ್ಕ ಬಿಟ್ರಂತ. ಇವ್ರಿಗೂ ಸ್ವಲ್ಪ ಬುದ್ಧಿ ಹೇಳ್ರಿ."

ಗಂಡ ನನ್ನ ಮುಂದೆ ಮಂಡಿಯೂರಿ ಕುಳಿತು ಬಹಳ ಶ್ರದ್ಧೆಯಿಂದ ಕೇಳಿದ: "ಬಿಟ್ಟ ಮ್ಯಾಲ ಮೊದಮೊದಲ ಬಾಳ ತ್ರಾಸ ಆಗ್ತೈತೇನ್ರಿ?"

ನಾನು ಎದ್ದು ಬಾಗಿಲು ಮುಂದಕ್ಕೆಳೆದು, ಶಾಂತಾ ಹಿತ್ತಲಿನಲ್ಲಿರುವುದನ್ನು ಖಚಿತಪಡಿಸಿಕೊಂಡು, ಅವನ ಎದುರು ಕುಳಿತೆ.

"ಬಾಳ," ಎಂದೆ.