ಗಂಟಲೊಣಗಿದ ಲಾಯರಮ್ಮ

ಪುಕ್ಕಲರನ್ನು ಕಂಡರೆ ಫಜೀತಿಗಳಿಗೆ ಅದೇನು ಅಕ್ಕರೆಯೋ! ತೊಂಬತ್ತರ ದಶಕದಲ್ಲಿ ನಾನು ಲಾ ಓದಬೇಕೆಂದು ಬಾಯಿ ಬಿಟ್ಟ ದಿನದಿಂದ ಅವು ನನ್ನ ಬೆನ್ನು ಬಿಡಲಿಲ್ಲ.

ಸೇರುವ ಮುಂಚೆ

ಬಿ.ಎ. ಮುಗಿದಿತ್ತು. ನಾಲ್ಕು ಜನರೆದುರು ನಿಂತರೆ ಗಂಟಲು ಒಣಗುವವಳು ಕೋರ್ಟಿನಲ್ಲಿ ಏನು ಮಾತಾಡಿಯೇನು ಎಂದು ನನಗೆ ನಿದ್ದೆಯಿಲ್ಲ. ನಂಜನಗೂಡಿನ ಹತ್ತಿರದ ನಮ್ಮೂರು ಹೆಡತಲೆಯ ಮನೆಗೆ ನರಸೀಪುರದಿಂದ ಸೋದರಮಾವ ಬಂದರು.

"ಬ್ಯಾಡ ಕಣಕ್ಕ, ಲಾ ಓದಿದ ಉಡುಗೀನ ಯಾರು ಮದ್ವೆ ಆದಾರು? ಮಾತ್ಮಾತ್ಗೂ ವಾದ ಮಾಡ್ತಾಳೆ" ಎಂದರು ಅವ್ವನಿಗೆ.

ಅವ್ವ ಸೊಪ್ಪು ಬಿಡಿಸುತ್ತಲೇ ಅಂದಳು: "ಓದ್ದೇ ಇದ್ರೂ ಮನೇಲಿ ಮಾಡೋದು ಅದನ್ನೇಯ. ಓದುದ್ರೆ ಫೀಸಾದ್ರೂ ಬತ್ತದೆ."

ಬಸ್ಸಿನಲ್ಲಿ

ಕಾಲೇಜು ಮೈಸೂರಿನಲ್ಲಿ. ಪಾಠವೆಲ್ಲ ಇಂಗ್ಲಿಷು, ನಡುನಡುವೆ ಲ್ಯಾಟಿನ್ನು. ಕನ್ನಡ ಮೀಡಿಯಮ್ಮಿನ ನನಗೆ ಎರಡೂ ಒಂದೇ. ಮೊದಲ ಪರೀಕ್ಷೆಯ ದಿನ ನಂಜನಗೂಡಿನಲ್ಲಿ ಬಸ್ಸು ಹತ್ತಿ, ಕಣ್ಣು ಮುಚ್ಚಿಕೊಂಡು "ಮೆನ್ಸ್ ರಿಯಾ, ಮೆನ್ಸ್ ರಿಯಾ" ಎಂದು ಬಾಯಿಪಾಠ ಮಾಡುತ್ತಿದ್ದೆ. ಅಪರಾಧದ ಹಿಂದಿನ ಕೆಟ್ಟ ಮನಸ್ಸು ಅಂತ ಅದರ ಅರ್ಥ. ಟಿಕೆಟ್ ಕೊಡಲು ಕಂಡಕ್ಟರ್ ಪಕ್ಕದಲ್ಲಿ ಬಂದು ನಿಂತಿದ್ದ.

"ಅಲ್ಲಿಗೆ ಸ್ಟಾಪಿಲ್ಲ ಕಣಮ್ಮ. ಕಡಕೊಳದಲ್ಲಿ ಇಳ್ಕೊಂಡು ಆಟೋದಲ್ಲಿ ಓಗು."

ಅಣಕು ಕೋರ್ಟು

ಕಾಲೇಜಿನ ಅಣಕು ಕೋರ್ಟಿನಲ್ಲಿ ಕೊಲೆ ಆರೋಪಿಯ ಪರ ನಾನು ವಾದಿಸಬೇಕಿತ್ತು. ಮೇಷ್ಟ್ರೇ ಜಡ್ಜು. ಎದುರು ವಕೀಲನಾಗಿದ್ದ ಸಹಪಾಠಿ, "ಆರೋಪಿ ಮಚ್ಚಿನಿಂದ ಮೂರು ಏಟು ಹೊಡೆದ" ಅಂದ. ನಾನು ಎದ್ದವಳೇ, "ಶುದ್ಧ ಸುಳ್ಳು ಸಾರ್! ಒಂದೇ ಏಟು!" ಎಂದು ಕಿರುಚಿದೆ.

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಕೂತ್ಕೊಳಮ್ಮ. ಇನ್ನೊಂದು ಮಾತಾಡಿದ್ರೆ ಅವನಿಗೆ ಗಲ್ಲೇ."

ತೆಂಗಿನ ಮರ

ಓದು ಮುಗಿಯುವ ಮೊದಲೇ ಊರವರಿಗೆ ನಾನು ಲಾಯರಮ್ಮ. ತಮ್ಮಿಬ್ಬರ ಜಮೀನಿನ ನಡುವಿನ ಬೇಲಿ ಮೇಲಿದ್ದ ಒಂದು ತೆಂಗಿನ ಮರಕ್ಕಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿದ್ದರು. ಒಂದು ದಿನ ಬೆಳಿಗ್ಗೆ ಅಣ್ಣ ಬಂದು, "ಕೇಸಾಕುದ್ರೆ ಗೆಲ್ತೀನೇನವ್ವ?" ಎಂದ. ಅವನ ಮೀಸೆಗೆ ಹೆದರಿ "ಗೆಲ್ತೀರಿ" ಅಂದೆ. ಸಂಜೆ ತಮ್ಮ ಬಂದ. ಅವನ ದೊಡ್ಡ ಗಂಟಲಿಗೆ ಹೆದರಿ ಅವನಿಗೂ "ಗೆಲ್ತೀರಿ" ಅಂದೆ.

ಮಾರನೆಯ ದಿನ ಟೀ ಅಂಗಡಿಯಲ್ಲಿ ಇಬ್ಬರೂ ಜಂಬ ಕೊಚ್ಚಿಕೊಂಡಿದ್ದೇ ತಡ, ಗುಟ್ಟು ಬಯಲಾಯಿತು. ಇಬ್ಬರೂ ಸೀದಾ ನಮ್ಮ ಜಗಲಿಗೆ ಬಂದರು. ನಾನು ಒಳಗೆ ರಾಗಿ ಮೂಟೆಗಳ ಹಿಂದೆ ಅಡಗಿ ಕೂತೆ.

"ಒಂದೇ ಮರಕ್ಕೆ ಇಬ್ರೂ ಎಂಗೆ ಗೆಲ್ತೀವಿ? ಕರೀರಿ ನಿಮ್ ಮಗಳ್ನ!" ಅಣ್ಣ ಕೂಗಿದ.

"ಸರ್ಯಾಗ್ ಕೇಳಣ್ಣ!" ತಮ್ಮ ದನಿಗೂಡಿಸಿದ.

ಅಪ್ಪ ಎಲೆಅಡಿಕೆ ತಟ್ಟೆ ಮುಂದಕ್ಕೆ ತಳ್ಳಿದರು. "ಮಕ ನೋಡದೆ ಇದ್ದೋರು ಒಟ್ಟಿಗೆ ಬಂದು ಅಣ್ಣ ತಮ್ಮ ಅಂತಿದ್ದೀರಿ. ಇಬ್ರೂ ಗೆದ್ದಂಗಲ್ವೇನ್ರಪ್ಪ?"

ಆಮೇಲೆ ತಮ್ಮ ಎಲೆಗೆ ಸುಣ್ಣ ಸವರಿ ಅಣ್ಣನ ಕೈಗೆ ಕೊಟ್ಟನಂತೆ. ಅಣ್ಣ ಅದನ್ನು ಜಗಿಯುತ್ತ ಒಳಗಿಣುಕಿ ಕೂಗಿದ:

"ಈಚೆ ಬಾ ಲಾಯರಮ್ಮ, ಎದರ್ಬ್ಯಾಡ! ಆ ಬೇಲೀಲಿ ಇನ್ನೊಂದು ಅಲಸಿನ ಮರಾನೂ ಅದೆ!"