ಒಂದು ತಿಂಗಳ ಕರಾರಿನ ಅಗಲಗಣ್ಣು

ಫೋಟೋ ತೆಗೆಯುವವರ ಮನೆಯಲ್ಲಿ ಮಂದಿ ಕ್ಯಾಮೆರಾದ ಮುಂದೆ ನಗುವುದಿಲ್ಲ. ಎಷ್ಟು ಹೇಳಿದರೂ ತುಟಿ ಬಿಗಿಹಿಡಿದು ನಿಲ್ಲುತ್ತಾರೆ. ಫೋಟೋ ಕೈಗೆ ಬಂದ ಮೇಲೆ ನಗುತ್ತಾರೆ, ಅದೂ ಪಕ್ಕದಲ್ಲಿ ನಿಂತವರದನ್ನು ನೋಡಿ. ಜಮಖಂಡಿಯ ನಮ್ಮ ಕಾಕಾನ ಸ್ಟುಡಿಯೋದಲ್ಲಿ ಇಂಥದು ಆಗುತ್ತಲೇ ಇರುತ್ತದೆ. ಅಗಲ ಲೆನ್ಸು ಬಂದ ತಿಂಗಳಲ್ಲಂತೂ ಬಂದವರೆಲ್ಲ ನಕ್ಕರು, ನನಗೊಬ್ಬಳಿಗೆ ನಗು ಬರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಸಣ್ಣ ನಂಬರು, ದೊಡ್ಡ ಕಿಮ್ಮತ್ತು

ಬೆಳಗಾವಿಯ ಇಂಗ್ಲಿಷ್ ಶಾಲೆ ಮುಗಿಸಿ ಮನೆಗೆ ಬಂದವಳು ನಾನು. ಬಂದವರೆಲ್ಲ "ಇಂಗ್ಲಿಷಿನ್ಯಾಗ ಏನರ ಮಾತಾಡವಾ" ಎನ್ನುತ್ತಿದ್ದರು. ಕ್ಯಾಮೆರಾ ಹಿಡಿದು ನಿಂತವಳನ್ನು ಯಾರೂ ಮಾತಾಡಿಸುವುದಿಲ್ಲ ಎಂದು ಗೊತ್ತಾದ ಮೇಲೆ ಕಾಕಾನ ಸ್ಟುಡಿಯೋದಲ್ಲೇ ಉಳಿದೆ. ಕಾಕಾ ಹತ್ತಿರ ಒಂದು ಸಣ್ಣ ಜರ್ಮನ್ ಕ್ಯಾಮೆರಾ ಇತ್ತು. ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ವಿಲೀನವಾದಾಗ ಊರು ಬಿಟ್ಟುಹೋದ ಒಬ್ಬ ಕಾರಕೂನರು ಮಾರಿದ್ದು.

ನನಗೆ ಬಜಾರದ ಬೀದಿ ಬೇಕಿತ್ತು, ಪೂರ್ತಿ ಬೀದಿ. ಆದರೆ ಆ ಇಕ್ಕಟ್ಟಿನಲ್ಲಿ ಟಾಂಗಾ ಹಿಡಿದರೆ ಕುದುರೆ ಬರುತ್ತಿರಲಿಲ್ಲ, ಕುದುರೆ ಹಿಡಿದರೆ ಟಾಂಗಾ ಬರುತ್ತಿರಲಿಲ್ಲ. ಹಿಂದೆ ಸರಿದರೆ ಕಿರಾಣಿ ಅಂಗಡಿಯ ಬೆಲ್ಲದ ಪೆಂಟೆಗೆ ಬೆನ್ನು ತಾಗುತ್ತಿತ್ತು. ಅಗಲ ಲೆನ್ಸು ಹಾಕಿದರೆ ನಿಂತಲ್ಲಿಂದಲೇ ಹೆಚ್ಚು ಜಾಗ ಬರುತ್ತದೆ ಎಂದು ಇಂಗ್ಲಿಷ್ ಮಾಸಿಕವೊಂದರಲ್ಲಿ ಓದಿ ಕಾಕಾನ ಬೆನ್ನು ಹತ್ತಿದ್ದೆ.

ಕಾಗದ, ಫಿಲ್ಮು, ಫೋಟೋ ತೊಳೆಯುವ ಔಷಧ ತರುವ ಕೊಲ್ಲಾಪುರದ ಏಜೆಂಟರು ಒಂದು ದಿನ ಚೀಲದಿಂದ ಎರಡು ಹಳೆಯ ಲೆನ್ಸು ತೆಗೆದಿಟ್ಟರು. ಒಂದರ ಮೇಲೆ ಇಪ್ಪತ್ತೆಂಟು, ಇನ್ನೊಂದರ ಮೇಲೆ ಮೂವತ್ತೈದು ಎಂದು ಬರೆದಿತ್ತು. ಇಪ್ಪತ್ತೆಂಟರದು ಕಿಮ್ಮತ್ತು ಹೆಚ್ಚು.

"ಸಣ್ಣ ನಂಬರಿಗೆ ಹೆಚ್ಚು, ದೊಡ್ಡ ನಂಬರಿಗೆ ಕಡಿಮಿ?" ಎಂದರು ಕಾಕಾ. "ಇದ್ಯಾವ ವ್ಯಾಪಾರರೀ?"

"ನಂಬರು ಸಣ್ಣದಾದಷ್ಟು ನೋಟ ಅಗಲರಿ."

ಕಾಕಾ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾದ್ರ ಸೊನ್ನಿ ನಂಬರಿಂದು ಇದ್ರ?"

"ಅದರಾಗ ತೆಗೆಯಾಂವನ ಬೆನ್ನೂ ಬರತೈತಿರಿ" ಎಂದರು ಏಜೆಂಟರು.

ನಮ್ಮ ಕೈಗೆ ನಿಲುಕುವಂಥದು ಮೂವತ್ತೈದರದೇ. ಅದರ ಜೊತೆಗೆ ಕ್ಯಾಮೆರಾದ ತಲೆಯ ಮೇಲೆ ಕೂಡಿಸುವ ಒಂದು ಪುಟ್ಟ ಕಿಂಡಿಯೂ ಬೇಕಿತ್ತು. ನಮ್ಮ ಕ್ಯಾಮೆರಾದ ಕಿಂಡಿ ಹಳೆಯ ಲೆನ್ಸಿಗೆ ತಕ್ಕದ್ದು. ಅದರಲ್ಲಿ ಇಣುಕಿದರೆ ಮೊದಲಿನಷ್ಟೇ ಜಾಗ ಕಾಣುತ್ತದೆ, ಫೋಟೋದಲ್ಲಿ ಮಾತ್ರ ಎರಡೂ ಬದಿಗೆ ಹೆಚ್ಚು ಬಂದುಬಿಡುತ್ತದೆ. ಹೊಸ ಕಿಂಡಿಗೆ ಬೇರೆ ರೊಕ್ಕ ಎಂದ ಕೂಡಲೇ ಕಾಕಾ ಕೈ ಝಾಡಿಸಿದರು.

"ಎರಡು ಕಿಂಡಿ ಯಾತಕ್ಕ? ನನಗೇನು ನಾಲ್ಕು ಕಣ್ಣು ಅವ?" ಎಂದವರು ಜಾರಿದ ಚಷ್ಮಾ ಮೇಲೇರಿಸಿಕೊಂಡರು.

ಕರಾರು ಹೀಗಾಯಿತು. ಲೆನ್ಸು ಒಂದು ತಿಂಗಳು ನಮ್ಮಲ್ಲಿ ಇರಬೇಕು, ಪಸಂದ ಬೀಳದಿದ್ದರೆ ಏಜೆಂಟರು ತಿರುಗಿ ಒಯ್ಯಬೇಕು. ಅವರು ಹೋದ ಮೇಲೆ ಕಾಕಾ ನನಗೊಂದು ಬೇರೆ ಕರಾರು ಹಾಕಿದರು. "ನೋಡವಾ, ನಿನ್ನ ಬೀದಿ, ಹೊಳಿ ಎಲ್ಲಾ ಖರೆ. ಆದ್ರ ಇದರ ಫೋಟೋ ನೋಡಿ ಒಬ್ಬ ಗಿರಾಕಿಯಾದ್ರೂ 'ಇನ್ನೊಂದು ಪ್ರತಿ ಕೊಡ್ರಿ' ಅನಬೇಕು. ಇಲ್ಲಾಂದ್ರ ವಾಪಸ್."

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಹೋಗಿ ಕಪಾಟು ತೆಗೆದು ಲೆನ್ಸು ಇದೆಯೇ ಎಂದು ನೋಡಿ ಬರುತ್ತಿದ್ದೆ. "ಅದಕ್ಕ ಕಾಲು ಇಲ್ಲವಾ, ನಿನಗ ಅದಾವ. ಕುಂಡ್ರು, ಊಟಾ ಮಾಡು" ಎನ್ನುತ್ತಿದ್ದರು ಕಾಕಾನ ಹೆಂಡತಿ, ನಮ್ಮ ಕಾಕೂ.

ನಾಯಿಯ ಹಿಂದೆ ಗೌಡರು

ಮೊದಲ ಗಿರಾಕಿ ಮುಧೋಳದ ಕಡೆಯ ಒಬ್ಬ ಗೌಡರು. ತಮ್ಮ ಬೇಟೆನಾಯಿಯ ಜೊತೆ ಫೋಟೋ ಬೇಕು, ನಾಯಿ ಮೂಗಿನಿಂದ ಬಾಲದ ತುದಿಯವರೆಗೆ ಬರಬೇಕು ಎಂದು ಹೇಳಿ ಕಳಿಸಿದ್ದರು. ಮುಧೋಳ ನಾಯಿ ಎಂದರೆ ಉದ್ದವೇ ಉದ್ದ. ನಮ್ಮ ಲೆನ್ಸಿಗೆ ಇದಕ್ಕಿಂತ ಛಲೋ ಕೆಲಸ ಸಿಗಲಿಕ್ಕಿಲ್ಲ ಎಂದು ಮೊದಲ ಮೋಟಾರು ಹಿಡಿದು ಹೋದೆವು.

ಗೌಡರು ಪಟಗಾ ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ ಅಂಗಳದ ಆ ತುದಿಗೆ ಕುರ್ಚಿಯಲ್ಲಿ ಕುಳಿತರು. ನಾಯಿ ಪಕ್ಕದಲ್ಲಿ ನಿಂತಿತು. ಕಾಕಾ ಒಂದು ಮೊಣಕಾಲೂರಿ "ಉಸಿರು ಹಿಡೀರಿ" ಎಂದರು. ಗೌಡರು ಹಿಡಿದರು. ನಾಯಿಗೆ ಮಾತ್ರ ಇದೇನು ನೋಡಬೇಕೆನಿಸಿ ನೆಟ್ಟಗೆ ಕ್ಯಾಮೆರಾದ ಕಡೆಗೆ ಬಂತು. ಕಾಕಾ ಗಾಬರಿಯಲ್ಲಿ ಬಟನ್ನು ಒತ್ತಿಬಿಟ್ಟರು.

ಫೋಟೋದ ತುಂಬ ನಾಯಿ. ಅದರ ಮೂಗು ಒಂದು ದೊಡ್ಡ ಬದನೆಕಾಯಿಯಷ್ಟಿತ್ತು. ಅದರ ಎರಡು ಕಿವಿಗಳ ನಡುವೆ, ದೂರದಲ್ಲಿ, ಹೆಬ್ಬೆರಳಿನಷ್ಟು ಗೌಡರು. ಅಗಲ ಲೆನ್ಸಿನ ಗುಣವೇ ಅದು, ಹತ್ತಿರದ್ದನ್ನು ಉಬ್ಬಿಸಿ ದೂರದ್ದನ್ನು ಇನ್ನೂ ದೂರ ಒಯ್ಯುತ್ತದೆ.

ಗೌಡರು ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. "ನಾಯಿ ಬಂದೈತಿ" ಎಂದರು.

"ನೀವೂ ಬಂದೀರಲ್ರೀ" ಎಂದರು ಕಾಕಾ.

"ಬಂದೇನಿ. ಆದ್ರ ಇದನ್ನ ನೋಡಿದಾಂವ, ಈ ನಾಯಿ ಒಬ್ಬ ಗೌಡನ್ನ ಸಾಕೇತಿ ಅಂತಾನ."

ಜಿಗಿಯುವಂಥ ಹೊಳೆ

ನಡುವೆ ನನಗಾಗಿ ಒಂದು ದಿನ ಗಲಗಲಿಗೆ ಹೋಗಿಬಂದೆವು. ದಂಡೆಯ ಮೇಲೆ ನಿಂತು ಕೃಷ್ಣೆಯನ್ನು ಈ ಕಡೆಯಿಂದ ಆ ಕಡೆಯವರೆಗೆ ಹಿಡಿದೆ. ಎಲ್ಲಾ ಬಂದಿತ್ತು, ಎಲ್ಲವೂ ಸಣ್ಣದಾಗಿ. ಮೇಲೆ ಹೊಲದಷ್ಟು ಆಕಾಶ, ಕೆಳಗೆ ಹೊಲದಷ್ಟು ಉಸುಕು, ನಡುವೆ ಹೊಳೆ ಎಂಬ ಒಂದು ಬಿಳಿ ನೂಲು.

ಅಂದು ನಮ್ಮನ್ನು ದೋಣಿಯಲ್ಲಿ ಆಚೆ ದಂಡೆಗೆ ಕರೆದೊಯ್ದಿದ್ದ ಅಂಬಿಗ ಮುಂದಿನ ಸಂತೆಗೆ ಜಮಖಂಡಿಗೆ ಬಂದವನು ಸ್ಟುಡಿಯೋಕ್ಕೆ ಬಂದ. ಕಾಕಾ ಆ ಫೋಟೋ ತೋರಿಸಿದರು. ಅವನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲೆ ಬೋರಲು ಹಾಕಿಟ್ಟ.

"ಯಕ್ಕಾರ, ಇದನ್ನ ನಮ್ಮೂರ ಕಡೆ ಯಾರಿಗೂ ತೋರಸಬ್ಯಾಡ್ರಿ."

"ಯಾಕಪಾ?" ಎಂದರು ಕಾಕಾ.

"ಇಷ್ಟs ಹೊಳಿಗೆ ದೋಣಿ ಯಾಕ, ಧೋತರ ಎತ್ತಿ ಜಿಗೀತೀವಿ ಅಂತಾರ್ರೀ."

ಆ ಸಂಜೆ ನಾನು ಮಾಳಿಗೆಯ ಮೇಲೆ ಕತ್ತಲಾಗುವವರೆಗೆ ಅತ್ತಿಂದಿತ್ತ ಓಡಾಡಿದೆ. ಹತ್ತಿರದಲ್ಲಿ ಏನಾದರೂ ಇಟ್ಟುಕೊಂಡು ಹಿಡಿಯಬೇಕಿತ್ತು, ದೋಣಿಯ ಮೂತಿಯನ್ನೋ, ಅಂಬಿಗನ ಕೈಯನ್ನೋ. ಅದು ತಿಳಿಯುವಷ್ಟರಲ್ಲಿ ಅರ್ಧ ತಿಂಗಳು ಹೋಗಿತ್ತು.

ಸೀರೆ ಅಂಗಡಿಯ ಪಕ್ಕದ ಅಂಗಡಿ

ರಬಕವಿಯಲ್ಲಿ ಸೀರೆ ವ್ಯಾಪಾರಿಯೊಬ್ಬರಿಗೆ ಕ್ಯಾಲೆಂಡರಿನ ಮೇಲೆ ಹಾಕಿಸಲು ತಮ್ಮ ಅಂಗಡಿಯ ಫೋಟೋ ಬೇಕಿತ್ತು. ಅಲ್ಲಿ ಮುಂಜಾನೆ ನೇಕಾರರು ಬೀದಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಅದು ಒಣಗುವವರೆಗೆ ಬೀದಿ ಅವರದೇ. ಅಂಗಡಿಗೂ ನೂಲಿಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ.

"ಹಿಂದ ಸರದೀರಿ, ನೂಲು ಹರದೀತು" ಎಂದು ಆಚೆಯಿಂದ ಒಬ್ಬ ಅಜ್ಜಿ ಗಂಜಿಯ ಕುಂಚ ಎತ್ತಿ ತೋರಿಸಿದಳು.

"ಸರಿಯೂದಿಲ್ಲ ಆಯಿ. ಅದಕ್ಕs ಹೊಸ ಲೆನ್ಸು ತಂದೇವಿ" ಎಂದರು ಕಾಕಾ, ಮೊದಲ ಸಲ ಹೆಮ್ಮೆಯಿಂದ. ನನಗೂ ಜೀವಕ್ಕೆ ಜೀವ ಬಂದಂತಾಯಿತು. ವ್ಯಾಪಾರಿ ಗಾದಿಯ ಮೇಲೆ, ಹಿಂದೆ ಸೀರೆಯ ಗಂಟು, ಮೇಲೆ ಅಂಗಡಿಯ ಹೆಸರಿನ ಪಾಟಿ. ಹಳೆಯ ಕಿಂಡಿಯಲ್ಲಿ ಅಂಗಡಿ ಅಷ್ಟೇ ಕಂಡಿತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆ ಇಲ್ಲ. ಹಾಗಿದ್ದರೆ ಹಳೆಯ ಲೆನ್ಸೇ ಸಾಕಿತ್ತೆಂಬುದು ಆ ಹೆಮ್ಮೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಫೋಟೋದಲ್ಲಿ ಪಕ್ಕದ ಸೀರೆ ಅಂಗಡಿಯೂ ಬಂದಿತ್ತು. ಅಲ್ಲಿ ಒಬ್ಬ ಹೆಣ್ಣುಮಗಳು ಮೈತುಂಬ ಸೀರೆ ಹರವಿಕೊಂಡು, ಒಂದರ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಗಿರಾಕಿ ಅವನ ಕಡೆ ಕುಂತಾರ" ಎಂದು ವ್ಯಾಪಾರಿ ಮುಖ ಸಣ್ಣದು ಮಾಡಿದರು. ಇನ್ನೊಂದಿಷ್ಟು ನೋಡಿದ ಮೇಲೆ ಅವರ ಮುಖವೇ ಇಲ್ಲದಂತಾಯಿತು. ಒಳಗೆ ತಿರುಗಿ ಕೂಗಿದರು. "ಏ, ಇಲ್ಲಿ ಬಾ. ಇದು ಯಾರು?"

ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ಫೋಟೋ ನೋಡಿದರು. ಏನೂ ಗಡಿಬಿಡಿ ಮಾಡಿಕೊಳ್ಳಲಿಲ್ಲ.

"ನಾನs. ಮನಿ ಅಂಗಡ್ಯಾಗ ಸೀರಿ ಕೇಳಿದ್ರ, ಮಾರದs ಉಳದದ್ದನ್ನ ಉಟ್ಟಗೋ ಅಂತೀರಿ."

ಗೆರೆಯಾಚೆಯ ಮಾವನವರು

ಏಜೆಂಟರು ಬರುವ ದಿನ ಹತ್ತಿರ ಬಂತು. ಉಳಿದದ್ದು ಜಮಖಂಡಿಯಲ್ಲೇ ಒಂದು ಮದುವೆಯ ಗ್ರೂಪ್ ಫೋಟೋ.

ಗ್ರೂಪ್ ಫೋಟೋಕ್ಕೆ ಕಾಕಾನದು ಒಂದು ಪದ್ಧತಿ. ಮೊದಲು ಕಿಂಡಿಯಲ್ಲಿ ನೋಡಿ, ನೆಲದ ಮೇಲೆ ಎಡಕ್ಕೊಂದು ಬಲಕ್ಕೊಂದು ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆಯೊಳಗೆ ಇದ್ದವರು ಬರುತ್ತಾರೆ, ಆಚೆ ನಿಂತವರು ಬರುವುದಿಲ್ಲ. ಊರಿಗೆಲ್ಲ ಇದು ಎಷ್ಟು ರೂಢಿಯೆಂದರೆ, ಗೆರೆಯ ಆಚೆ ಮಂದಿ ಆರಾಮಾಗಿ ಆಕಳಿಸುತ್ತ, ಬೆನ್ನು ತುರಿಸುತ್ತ ನಿಂತಿರುತ್ತಾರೆ.

ಅಂದು ವರನ ಸೋದರಮಾವ ಸಿಟ್ಟಾಗಿದ್ದರು. ಊಟದ ಪಂಕ್ತಿಯಲ್ಲಿ ಸಿಹಿ ಬಡಿಸುತ್ತ ಎಲ್ಲರಿಗೂ "ಇನ್ನೊಂದು ಮಂಡಿಗಿ?" ಎಂದು ಕೇಳಿದವರು ಇವರ ಎಲೆಯ ಮುಂದೆ ಸುಮ್ಮನೆ ಹಾದುಹೋಗಿದ್ದರಂತೆ. "ನಾ ಫೋಟೋಕ್ಕ ನಿಲ್ಲಾಂವಲ್ಲ" ಎಂದರು. ವಧುವಿನ ತಂದೆ ಕೈಮುಗಿದರು, ಮದುಮಗ ಕೈ ಹಿಡಿದು ಎಳೆದ. ಅವರು ಬರಲಿಲ್ಲ. ಮನೆಯೊಳಗೂ ಹೋಗಲಿಲ್ಲ. ಬಲಗಡೆಯ ಗೆರೆಯ ಆಚೆ, ಎಲ್ಲರಿಗೂ ಕಾಣುವಂತೆ ಹೋಗಿ ನಿಂತರು.

"ಕಾಕಾ, ಅವರೂ ಬರ್ತಾರ" ಎಂದೆ ನಾನು. ಸನಾದಿಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ತೋಳು ಹಿಡಿದು ಜಗ್ಗಿ ಇನ್ನೊಮ್ಮೆ ಹೇಳಿದೆ.

"ಬರೂದಿಲ್ಲವಾ, ಎಲ್ಲಾರೂ ಕರದಾತು" ಎಂದ ಕಾಕಾ ಬಟನ್ನು ಒತ್ತಿದರು.

ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಚಿತ್ರ ಏಳುವಾಗ ನಾವಿಬ್ಬರೂ ಬಗ್ಗಿ ನೋಡಿದೆವು. ಮದುಮಕ್ಕಳು ಎದ್ದರು, ಬೀಗರು ಎದ್ದರು, ಮಕ್ಕಳು ಎದ್ದವು. ಆಮೇಲೆ ಬಲ ಅಂಚಿನಲ್ಲಿ, ಸುಣ್ಣದ ಗೆರೆಯ ಆಚೆ, ಮಾವನವರು ಎದ್ದರು. ಕೋಟಿನ ಗುಂಡಿಯೆಲ್ಲ ಹಾಕಿಕೊಂಡು, ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡು, ಒಂದು ಕೈ ಎದೆಯ ಮೇಲಿಟ್ಟುಕೊಂಡು, ನೇರವಾಗಿ ಕ್ಯಾಮೆರಾವನ್ನೇ ನೋಡುತ್ತ. ಅಂಚಿಗೆ ಇದ್ದವರನ್ನು ಈ ಲೆನ್ಸು ಒಂದಿಷ್ಟು ಅಗಲ ಮಾಡುತ್ತದೆ. ಇಡೀ ಮದುವೆಯಲ್ಲಿ ಅವರಷ್ಟು ಭಾರೀ ಮನುಷ್ಯ ಇನ್ನೊಬ್ಬರಿರಲಿಲ್ಲ.

"ಮುಗೀತು" ಎಂದರು ಕಾಕಾ. ಮರುದಿನ ಏಜೆಂಟರು ಬಂದಾಗ ಲೆನ್ಸನ್ನು ಅದರ ಡಬ್ಬಿಯಲ್ಲಿ ಹಾಕಿ ತಾವೇ ಅವರ ಚೀಲದಲ್ಲಿಟ್ಟರು. ನಾನು ಬಾಗಿಲಿಗೆ ಹೋದೆ, ಕಪಾಟಿಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ಅಷ್ಟರಲ್ಲಿ ವಧುವಿನ ತಂದೆ ಬಂದರು, ಅವರ ಹಿಂದೆ ಮಾವನವರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಬ್ಬರೂ ಬೆಂಚಿನ ಎರಡು ತುದಿಗೆ ಕುಳಿತರು.

ಕಾಕಾ ಫೋಟೋ ಮಾವನವರ ಕೈಗೆ ಕೊಟ್ಟು, ಅವರು ನೋಡುವ ಮೊದಲೇ ಕತ್ತರಿ ಎತ್ತಿಕೊಂಡು ಶುರು ಮಾಡಿದರು. "ತಪ್ಪು ತಿಳೀಬ್ಯಾಡ್ರಿ. ನೀವು ಬ್ಯಾಡಂದ್ರೂ ಅಂಚಿಗೆ ಬಂದುಬಿಟ್ಟೀರಿ. ಗೆರಿ ತನಕಾ ಕತ್ತರಿಸಿ ಕೊಡ್ತೀನಿ."

ಮಾವನವರು ಫೋಟೋವನ್ನು ಎದೆಗೆ ಅವಚಿಕೊಂಡರು. "ಕತ್ತರಿ ಹಚ್ಚಿ ನೋಡ್ರಿ."

ಕಾಕಾ ಕತ್ತರಿ ಕೆಳಗಿಟ್ಟರು. ಮಾವನವರು ಫೋಟೋವನ್ನು ಬೆಳಕಿಗೆ ಹಿಡಿದು, ಗೆರೆಯ ಮೇಲೆ ಉಗುರು ಎಳೆದರು. "ಈ ಗೆರಿ ಸ್ವಚ್ಛ ಕಾಣತೈತಿ. ನಾ ಆಚೆ ಅದೀನಿ ಅನ್ನೂದೂ ಕಾಣತೈತಿ. ನಮ್ಮ ಬಂಧು ಬಳಗ ಇರೂ ಊರಿಗೆಲ್ಲಾ ಒಂದೊಂದು ಪ್ರತಿ ಹೋಗಬೇಕು."

"ನಮ್ಮ ಕಡೆಯವರಿಗೂ ಅಷ್ಟs ಮಾಡ್ರಿ" ಎಂದರು ವಧುವಿನ ತಂದೆ ಆ ತುದಿಯಿಂದ. "ಕರದ್ರೂ ಬರಲಿಲ್ಲ ಅನ್ನೂದು ಅವರಿಗೂ ಕಾಣಲಿ."

ಕಾಕಾ ಯಾರ ಮುಖವನ್ನೂ ನೋಡದೆ ಏಜೆಂಟರ ಚೀಲಕ್ಕೆ ಕೈ ಹಾಕಿ, ಡಬ್ಬಿ ತೆಗೆದು, ನನ್ನ ಕೈಗಿಟ್ಟರು. ನಾನು ತಿಂಗಳಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಪೂರ್ತಿ ಕುಳಿತೆ.

ಏಜೆಂಟರಿಗೆ ಏನೂ ತಿಳಿಯಲಿಲ್ಲ. "ಅಂದ್ರ ಲೆನ್ಸು ಪಸಂದ ಆತೇನ್ರಿ?" ಎಂದರು.

ಕಾಕಾ ಬಾಯಿ ತೆಗೆಯುವ ಮೊದಲೇ ಮಾವನವರು ಫೋಟೋ ಅವರ ಮುಂದೆ ಹಿಡಿದರು. "ನೀವs ನೋಡ್ರಿ. ಈ ಫೋಟೋದಾಗ ನಾ ಇಲ್ಲ ಅನ್ನೂದು ಎಷ್ಟು ಛಲೋ ಬಂದೈತಿ."