ಉತ್ತರ ಧ್ರುವಕ್ಕೆ, ಅಂತರಸಂತೆ ಮಾರ್ಗವಾಗಿ

ಮದುವೆಯಾಗಿ ಬಹುಕಾಲ ಕಳೆದ ಗಂಡಸು ಹೆಂಡತಿಯ ಮಾತಿಗೆ ‘ಆಯ್ತು’ ಎಂದರೆ ಅದಕ್ಕೆ ಒಪ್ಪಿಗೆ ಎಂಬ ಅರ್ಥವಿಲ್ಲ. ಕೇಳಿಸಿತು ಎಂದು ಅರ್ಥ. ಎಷ್ಟೋ ಸಲ ಅದೂ ಅಲ್ಲ. ಇನ್ನೊಂದು ಸೌಟು ಸಾರು ಬಡಿಸು ಎಂದಷ್ಟೇ ಅರ್ಥ. ಅನುಭವಸ್ಥ ಹೆಂಡತಿಯರು ಅದಕ್ಕೇ ಯಾವುದೇ ಮುಖ್ಯ ವಿಷಯವನ್ನು ಊಟ ಮುಗಿದ ಮೇಲೆ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ನನ್ನ ಹೆಂಡತಿ ಗಿರಿಜೆ ಮಾತ್ರ ಒಂದೇ ‘ಆಯ್ತು’ ಕೇಳಿಸಿಕೊಂಡು, ನಾನು ಕೈ ತೊಳೆದು ಬರುವಷ್ಟರಲ್ಲಿ ಮೈಸೂರಿನ ಟ್ರಾವೆಲ್ಸಿಗೆ ಫೋನು ಮಾಡಿಬಿಟ್ಟಿದ್ದಳು. ಹೀಗಾಗಿ, ಪಶುವೈದ್ಯನಾಗಿ ನಿವೃತ್ತನಾಗಿ ಹುಣಸೂರಿನಲ್ಲಿ ನೆಲೆಸಿ, ದಿನಾ ಬೆಳಿಗ್ಗೆ ಲಕ್ಷ್ಮಣತೀರ್ಥದ ಸೇತುವೆಯವರೆಗೆ ನಡೆದು ಬರುವುದನ್ನೇ ಪ್ರವಾಸವೆಂದು ನಂಬಿದ್ದ ನಾನು, ಉತ್ತರ ಧ್ರುವದ ಕಡೆಗೆ ಹೊರಡುವ ಹಡಗಿನ ಪ್ರಯಾಣಿಕನಾದೆ. ಎರಡು ವಾರದ ಯಾನ. ನಾರ್ವೆಯ ನೆತ್ತಿಯಿಂದ ಹೊರಟು, ಹಿಮದ ದ್ವೀಪಗಳ ದಂಡೆ ಹಿಡಿದು, ಮಂಜುಗಡ್ಡೆ ಇನ್ನು ಸಾಕು ಎನ್ನುವ ತನಕ.

ಗಿರಿಜೆಯ ಆಸೆ ನಿನ್ನೆ ಮೊನ್ನೆಯದಲ್ಲ. ಅವಳು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದು ವರ್ಗವಾದಲ್ಲೆಲ್ಲ ಟಂಡ್ರಾ ಪ್ರದೇಶದ ಪಾಠ ಮಾಡಿದ್ದಳು. ಪಿರಿಯಾಪಟ್ಟಣದಲ್ಲಿ ಒಮ್ಮೆ, “ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ” ಎಂದಾಗ ಹುಡುಗಿಯೊಬ್ಬಳು ಎದ್ದು ನಿಂತು, “ನೀವು ನೋಡಿದ್ದೀರಾ ಮಿಸ್?” ಎಂದಳಂತೆ. ಇಲ್ಲವಮ್ಮ ಎಂದಿದ್ದಕ್ಕೆ, “ಅಂಗಾರೆ ಇದ್ರೂ ಇರ್ಬೌದು ಬುಡಿ” ಎಂದು ಕೂತುಬಿಟ್ಟಳಂತೆ. ಇಡೀ ತರಗತಿ ನಕ್ಕಿದ್ದನ್ನು ಗಿರಿಜೆ ಮರೆತಳು. ಆ ‘ಬುಡಿ’ಯನ್ನು ಮಾತ್ರ ಮರೆಯಲಿಲ್ಲ. ಅವಳ ತಂದೆ ಅವಳ ಹೆಸರಿಗೆ ಬಿಟ್ಟುಹೋಗಿದ್ದ ಬೈಪಾಸ್ ಪಕ್ಕದ ಜಾಗ ಮಾರಾಟವಾದದ್ದೇ ತಡ, ಸೂರ್ಯ ಮುಳುಗುತ್ತಾನೋ ಇಲ್ಲವೋ ಸ್ವತಃ ನೋಡಿಯೇ ಬರುವುದೆಂದು ತೀರ್ಮಾನಿಸಿದಳು. ದುಡ್ಡು ಅವಳದು, ಆಸೆ ಅವಳದು. ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಭಯವೊಂದೇ.

ಹೌದು, ನನಗೆ ನೀರೆಂದರೆ ಭಯ. ಬಕೆಟ್ಟಿನಲ್ಲಿರುವಷ್ಟು ಕಾಲ ನೀರು ನನಗೆ ಒಳ್ಳೆಯ ಸ್ನೇಹಿತ. ಅದಕ್ಕಿಂತ ಹೆಚ್ಚಾದರೆ ನಾನು ದಡದಲ್ಲಿ ನಿಂತು ಗೌರವ ಸೂಚಿಸುವವನು. ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಎಮ್ಮೆಗೆ ಚುಚ್ಚುಮದ್ದು ಕೊಡಲು ಬಂದ ಡಾಕ್ಟರಿಗೆ ಈಜು ಬರುತ್ತದೆಯೇ ಎಂದು ಯಾರು ಕೇಳುತ್ತಾರೆ?

ಟ್ರಾವೆಲ್ಸಿನ ಹುಡುಗಿ ವಿಡಿಯೊ ಕರೆಯಲ್ಲಿ ಎಲ್ಲವನ್ನೂ ವಿವರಿಸಿದಳು. ಇದು ಈಜುಕೊಳ, ಕುಣಿತ, ಪಾರ್ಟಿ ಇರುವಂಥ ದೊಡ್ಡ ಹಡಗಲ್ಲ, ಚಿಕ್ಕದು. ದಿನಾ ರಬ್ಬರ್ ದೋಣಿಗೆ ಇಳಿಸಿ ದಡಕ್ಕೆ ಕರೆದೊಯ್ಯುತ್ತಾರೆ. ಮೊಣಕಾಲುದ್ದದ ರಬ್ಬರ್ ಬೂಟು ಬೇಕು. ಹಿಮಕರಡಿ ಬಂದೀತೆಂದು ಗೈಡುಗಳು ಬಂದೂಕು ಹಿಡಿದಿರುತ್ತಾರೆ. “ಯಾವ ದಿನ ಎಲ್ಲಿ ಇಳಿಸ್ತೀರಿ?” ಎಂದು ಕೇಳಿದೆ. “ಮೊದಲೇ ಹೇಳೋಕಾಗಲ್ಲ ಸರ್. ಐಸ್ ಹೇಗಿದೆ, ಗಾಳಿ ಹೇಗಿದೆ ನೋಡಿ ಕ್ಯಾಪ್ಟನ್ ತೀರ್ಮಾನ ಮಾಡ್ತಾರೆ. ಎಕ್ಸ್‌ಪೆಡಿಷನ್ ಅಂದ್ರೆ ಹಾಗೇ” ಎಂದಳು. ಎಲ್ಲಿ ನಿಲ್ಲುತ್ತದೆ, ಯಾವಾಗ ಹೊರಡುತ್ತದೆ ಎಂದು ಡ್ರೈವರಿಗೂ ತಿಳಿಯದ ವಾಹನಗಳಲ್ಲಿ ನಾನು ಸರ್ವಿಸಿನುದ್ದಕ್ಕೂ ಕಾಡಂಚಿನ ಊರುಗಳಿಗೆ ಓಡಾಡಿದ್ದೇನೆ. ಅದಕ್ಕೆ ‘ಎಕ್ಸ್‌ಪೆಡಿಷನ್’ ಎಂಬ ಹೆಸರಿದೆಯೆಂದು ತಿಳಿದಿದ್ದರೆ ಒಂದಿಷ್ಟು ಹೆಮ್ಮೆಯಿಂದಲಾದರೂ ಓಡಾಡುತ್ತಿದ್ದೆ.

ಸುದ್ದಿ ಬೆಟ್ಟದಪುರ ಮುಟ್ಟಿತು. ಗಿರಿಜೆಯ ತಮ್ಮ ಸ್ವಾಮಿ ಅಲ್ಲಿ ಹೊಗೆಸೊಪ್ಪು ಬೆಳೆಯುವವನು. ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮರುದಿನವೇ ಬಂದ. “ಅಲ್ಲ ಕಣ್ ಭಾವ, ದುಡ್ಡು ಕೊಟ್ಟು ಚಳಿಗೆ ನಡುಗಕ್ ಓಯ್ತೀರಾ? ಕರಡಿ ನೋಡಕ್ ಅಷ್ಟ್ ದೂರ ಓಗ್ಬೇಕಾ? ನಮ್ ಕ್ವಾಟೆ ಕಡೆ ಸುಮ್ನೆ ಮನೇಲಿ ಕೂತಿದ್ರೆ ಆನೆನೇ ಬಂದು ನಿಮ್ಮನ್ ನೋಡ್ಕಂಡ್ ಓಯ್ತದೆ” ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಅಕ್ಕ ಒಮ್ಮೆ ತಿರುಗಿ ನೋಡಿದ ಕೂಡಲೇ, “ಓಗ್ಬನ್ನಿ, ಓಗ್ಬನ್ನಿ, ಒಳ್ಳೇದೇಯ” ಎಂದು ಪಕ್ಷಾಂತರ ಮಾಡಿದ.

ಅತ್ತೆಯ ಆಕ್ಷೇಪಣೆ ಮಾತ್ರ ಗಟ್ಟಿಯಾಗಿತ್ತು. ಗಿರಿಜೆ ಸೋಮವಾರ ಒಪ್ಪತ್ತು ಇರುತ್ತಾಳೆ. ಸಂಜೆ ದೀಪ ಹಚ್ಚಿದ ಮೇಲೇ ಊಟ. “ಒತ್ತೇ ಮುಳುಗ್ದೇ ಇದ್ರೆ ನೀನು ದೀಪ ಅಚ್ಚೋದ್ ಯಾವಾಗವ್ವ, ಉಂಬೋದ್ ಯಾವಾಗ?” ಎಂದರು ಅತ್ತೆ. ಗಿರಿಜೆ ತಬ್ಬಿಬ್ಬಾಗಿ ಟ್ರಾವೆಲ್ಸಿಗೇ ಫೋನು ಹಚ್ಚಿದಳು. ಪಾಪ, ಆ ಹುಡುಗಿ ಎಂಥೆಂಥ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳೋ, ಇಂಥದು ಮಾತ್ರ ಅವಳ ಕಿವಿಗೆ ಬಿದ್ದಿರಲಾರದು. “ಹಡಗಿನ ಗಡಿಯಾರ ಇರುತ್ತಲ್ಲ ಮೇಡಂ, ಅದರ ಪ್ರಕಾರ ಮಾಡ್ಕೊಳ್ಳಿ” ಎಂದಳು. ಅತ್ತೆ ಫೋನಿನತ್ತ ಬಗ್ಗಿ, “ಶಿವ ಏನ್ ಗಡಿಯಾರ ಕಟ್ಕಂಡವ್ನಾ ಮಗ?” ಎಂದರು. “ಮ್ಯಾನೇಜರನ್ನ ಕೇಳಿ ಹೇಳ್ತೀನಿ” ಎಂದು ಹುಡುಗಿ ಫೋನಿಟ್ಟಳು. ನನ್ನಲ್ಲಿ ಆಸೆ ಚಿಗುರಿತು. ಆದರೆ ಅತ್ತೆಯೇ ಸ್ವಲ್ಪ ಯೋಚಿಸಿ, “ಓಗ್ಲಿ ಬುಡು, ಶಿವ ಇರೋದೂ ಮಂಜಿನ್ ಬೆಟ್ಟದಲ್ಲೇ ಅಲ್ವಾ, ಅವ್ನಿಗ್ ಗೊತ್ತಾಯ್ತದೆ” ಎಂದು ಅಪ್ಪಣೆ ಕೊಟ್ಟುಬಿಟ್ಟರು.

ತಪ್ಪಿಸಿಕೊಳ್ಳಲು ನನಗೆ ಉಳಿದ ದಾರಿ ಹಡಗಿನವರು ಕೇಳಿದ್ದ ವೈದ್ಯಕೀಯ ಪ್ರಮಾಣಪತ್ರ. ಡಾಕ್ಟರು ನನಗೆ ಪರಿಚಯದವರೇ. ಅವರೆದುರು ಕೂತು ಮಂಡಿ ಹಿಡಿದುಕೊಂಡೆ, ತಲೆ ಸುತ್ತುತ್ತದೆ ಎಂದೆ, ಕೆಮ್ಮಿದೆ. ಅವರು ಎಲ್ಲ ಪರೀಕ್ಷಿಸಿ, “ಕೆಮ್ಮು ನಿಮ್ಮದಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರೋ ಪೇಷೆಂಟಿಂದು. ಎತ್ತುಗಳ ಹಿಂದೆ ಓಡಿ ಓಡಿ ನೀವೂ ಎತ್ತಿನ ಹಾಗೇ ಆಗಿದ್ದೀರಿ ಡಾಕ್ಟ್ರೇ, ಹೋಗ್ಬನ್ನಿ” ಎಂದು ಸಹಿ ಹಾಕಿದರು. ಒಂದೇ ಒಂದು ಸಲಹೆ ಸೇರಿಸಿದರು: ದೋಣಿ ಹತ್ತಿ ಇಳಿಯುವುದನ್ನು ಮೊದಲೇ ಒಂದು ಸಲ ಅಭ್ಯಾಸ ಮಾಡಿಕೊಳ್ಳಿ. ಆ ಸಲಹೆಯನ್ನು ನಾನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಆದರೆ ಗಿರಿಜೆ ಪಕ್ಕದಲ್ಲೇ ಕೂತಿದ್ದಳು.

ಸ್ವಾಮಿಗೆ ಅಂತರಸಂತೆಯ ಆಚೆ, ಕಬಿನಿ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ನಿಂಗಣ್ಣ ಎಂಬವನ ಪರಿಚಯವಿತ್ತು. ಒಂದು ಭಾನುವಾರ ಚಿತ್ರಾನ್ನದ ಡಬ್ಬಿ ಸಮೇತ, ಅತ್ತೆಯೂ ಸೇರಿ ನಾವೆಲ್ಲ ಹೊರಟೆವು. ಗಿರಿಜೆ ಮೈಸೂರಿನಿಂದ ತಂದ ನೀಲಿ ರಬ್ಬರ್ ಬೂಟು ಹಾಕಿದ್ದಳು. ಕಾಲಿಗೆ ಒಗ್ಗಲೆಂದು ಅದನ್ನು ಅಡುಗೆಮನೆಯಲ್ಲೂ ಹಾಕಿಕೊಂಡು ಓಡಾಡುತ್ತಿದ್ದಳು. ನನ್ನ ಉಪಾಯ ಸರಳವಾಗಿತ್ತು: ತೆಪ್ಪದಲ್ಲಿ ಒಂದು ಕಾಲಿಟ್ಟು ತಲೆ ಸುತ್ತಿತೆಂದು ಕುಸಿಯುವುದು, ಉತ್ತರ ಧ್ರುವವನ್ನು ಅಲ್ಲೇ ಮುಳುಗಿಸುವುದು.

ಆದರೆ ಮೊದಲು ಕಾಲಿಟ್ಟವಳು ಗಿರಿಜೆ. ಬುಟ್ಟಿಯಂಥ ಆ ತೆಪ್ಪ ಒಮ್ಮೆ ಓಲಾಡಿತು. ಅವಳು “ಅಯ್ಯಯ್ಯೋ” ಎಂದು ಚೀರಿ ದಡಕ್ಕೆ ಹಾರಿದಳು. ಕಲ್ಲಿನ ಮೇಲೆ ಕೂತು, “ನನ್ನ ಕೈಲಿ ಆಗಲ್ಲ ರೀ. ಈ ನೀರಿಗೇ ಹೀಗಾದ್ರೆ ಸಮುದ್ರದಲ್ಲಿ ಏನ್ಮಾಡ್ಲಿ? ಬಿಟ್ಬಿಡೋಣ” ಎಂದಳು.

ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ನಾನೀಗ ಮಾಡಬೇಕಾದ ಕೆಲಸ ಸುಮ್ಮನಿರುವುದೊಂದೇ. ಅದರಲ್ಲಿ ನನಗೆ ಸಾಕಷ್ಟು ಅನುಭವವೂ ಇತ್ತು. ಅಷ್ಟರಲ್ಲಿ ಅವಳು ಬೂಟು ಬಿಚ್ಚಿ, ಅದಕ್ಕೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿ, “ತಗೋ ಸ್ವಾಮಿ, ನಿನ್ನ ಹೆಂಡ್ತಿ ಹೊಲಕ್ಕೆ ಹಾಕ್ಕೊಳ್ಳಲಿ” ಎಂದು ತಮ್ಮನ ಮುಂದಿಟ್ಟಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ನಾನೇ ನಂಬಲಾರೆ. ಬೂಟನ್ನು ಎತ್ತಿಕೊಂಡು ಬಂದು ಮತ್ತೆ ಅವಳ ಕಾಲಿಗೆ ತೊಡಿಸಿದೆ. ಬೆದರಿದ ಹಸುವನ್ನು ಟೆಂಪೊ ಹತ್ತಿಸುವುದಕ್ಕೆ ಒಂದು ಕ್ರಮವಿದೆ. ಹಗ್ಗ ಜಗ್ಗಬಾರದು, ಹಿಂದಿನಿಂದ ನೂಕಬಾರದು. ಪಕ್ಕದಲ್ಲಿ ನಿಂತು ಕತ್ತಿನ ಹತ್ತಿರ ಕೈಯಿಟ್ಟು ಮೆತ್ತಗೆ ಮಾತಾಡುತ್ತ ಅದಕ್ಕೇ ಹೆಜ್ಜೆ ಇಡಲು ಬಿಡಬೇಕು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಹೆಗಲ ಮೇಲೆ ಕೈಯಿಟ್ಟು, “ಬಾ, ಬಾ, ಏನಿಲ್ಲ, ಏನಿಲ್ಲ, ಹೋ… ಹೋ…” ಎನ್ನುತ್ತ ನೀರಿನ ಅಂಚಿಗೆ ಕರೆತಂದೆ.

ಗಿರಿಜೆ ಗಕ್ಕನೆ ನಿಂತಳು. “ರೀ, ನನ್ನ ಏನು ಹಸು ಅಂದ್ಕೊಂಡಿದ್ದೀರಾ?”

“ಅಳಿಯಂದ್ರು ಬಾಯಲ್ಲಿ ಚ್ಚು ಚ್ಚು ಅನ್ನೋದೊಂದ್ ಬಾಕಿ” ಎಂದರು ಹಿಂದಿನಿಂದ ಅತ್ತೆ.

ಸಿಟ್ಟಿನಲ್ಲಿ ನನ್ನ ಕೈ ಕೊಡವಿ ಗಿರಿಜೆ ದಡದಡನೆ ತೆಪ್ಪಕ್ಕೆ ಇಳಿದು ಕೂತಳು. ಕೂತ ಮೇಲೆ ತಾನು ಕೂತಿರುವುದು ಅವಳಿಗೇ ಗೊತ್ತಾಯಿತು. ಮುಖ ಅರಳಿತು. “ಬನ್ನಿ ನೀವೂ” ಎಂದು ಕೈ ಚಾಚಿದಳು. ಇಡೀ ಸಂಸಾರ ನೋಡುತ್ತಿತ್ತು. ಹತ್ತಿದೆ.

ನಿಂಗಣ್ಣ ಹುಟ್ಟು ಹಾಕಿದ. ನೀರಿನೊಳಗೆ ಒಣಗಿ ನಿಂತ ಮರಗಳು, ಅವುಗಳ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆಗಳು, ಆಚೆ ದಡದಲ್ಲಿ ಮರಿಯೊಂದಿಗೆ ಒಂದು ಆನೆ. ಇವೆಲ್ಲ ಇದ್ದವೆಂದು ನನಗೆ ಗೊತ್ತಾದದ್ದು ಗಿರಿಜೆಯ ಬಾಯಿಂದ. ಒಂದೊಂದನ್ನೂ ಅವಳು ಕೂಗಿ ಹೇಳಿದಾಗ ನಾನು “ಹೌದು, ಹೌದು, ಚೆನ್ನಾಗಿದೆ” ಎನ್ನುತ್ತಿದ್ದೆ. “ಒಂದ್ ಸುತ್ತು ಗಿರ್ರನ್ ತಿರುಗಿಸ್ಲಾ ಮೇಡಂ?” ಎಂದ ನಿಂಗಣ್ಣ. “ತಿರುಗಿಸಪ್ಪ!” ಎಂದಳು ಆ ಮಹಾತಾಯಿ.

ಹಿಂದಿರುಗುವಾಗ ಕಾರಿನಲ್ಲೇ ಟ್ರಾವೆಲ್ಸಿಗೆ ಫೋನು ಹೋಯಿತು. ಬರುವ ಬೇಸಿಗೆಗೆ ಎರಡು ಸೀಟು ಖಾಯಂ ಮಾಡಿ ಎಂದಳು ಗಿರಿಜೆ. ಹಡಗಿನಲ್ಲಿ ಕಿಟಕಿಯಿರುವ ಕೋಣೆ ಬೇಕೋ, ಇಲ್ಲದ್ದೋ ಎಂದು ಆ ಹುಡುಗಿ ಕೇಳಿದ್ದು ನನಗೂ ಕೇಳಿಸಿತು. ಗಿರಿಜೆ ಒಮ್ಮೆ ನನ್ನ ಕಡೆ ನೋಡಿ, “ಒಂದು ಕಿಟಕಿ ಇದ್ರೆ ಸಾಕು ಕಣಮ್ಮ, ಅದು ನನ್ನ ಕಡೆಗಿರಲಿ. ಯಜಮಾನರು ನೀರು ಕಂಡ್ರೆ ಕಣ್ಣು ಮುಚ್ಚಿಕೊಂಡೇ ಇರ್ತಾರೆ. ಕಂಡಿದ್ದನ್ನೆಲ್ಲ ನಾನು ಹೇಳ್ತಾ ಹೋಗ್ತೀನಿ” ಎಂದಳು.

ಸ್ವಾಮಿ ಕಾರು ನಿಲ್ಲಿಸಿ ನಗತೊಡಗಿದ. ನಾನು ನಿದ್ದೆ ಬಂದವನಂತೆ ಸೀಟಿಗೊರಗಿ ಮತ್ತೊಮ್ಮೆ ಕಣ್ಣು ಮುಚ್ಚಿಕೊಂಡೆ.